ಎಡಗೈಗೆ ಮಾತ್ರ ಕಟ್ಟು

ಕಾಯಿಲೆ ಬಂದದ್ದಕ್ಕೆ ನಾನು ಯಾರ ಮೇಲೂ ಸಿಟ್ಟು ಮಾಡಿಕೊಂಡಿಲ್ಲ. ಕಾಯಿಲೆ ಅದರ ಪಾಡಿಗೆ ಅದು ಬರುತ್ತದೆ, ಯಾರನ್ನೂ ಕೇಳಿಕೊಂಡು ಬರುವುದಿಲ್ಲ. ನನ್ನ ಸಿಟ್ಟೆಲ್ಲ ಅದಿನ್ನೂ ಹೊಸದಾಗಿದ್ದಾಗ, ಏನಾದರೂ ಮಾಡಬಹುದಾಗಿದ್ದಾಗ, ನಮ್ಮ ಮನೆಯಲ್ಲಿ ನಡೆದದ್ದರ ಮೇಲೆ. ವಯಸ್ಸಾದಂತೆ ಮನಸ್ಸು ಮೆತ್ತಗಾಗುತ್ತದೆ ಎಂದು ಹೇಳುವವರಿದ್ದಾರೆ. ಅವರದು ಆಗಿರಬಹುದು, ನನ್ನದು ಆಗಿಲ್ಲ.

ಅದು ಯುದ್ಧದ ಕಾಲ. ಹಲಸೂರಿನಲ್ಲಿ, ಕೆರೆಯ ಕಡೆಗೆ ಇಳಿಯುವ ಒಂದು ಗಲ್ಲಿಯಲ್ಲಿ ನಮ್ಮ ಮನೆ. ನಾನು, ನನ್ನ ಗಂಡ, ನಮ್ಮತ್ತೆ, ಇಷ್ಟೇ ಜನ. ಯಜಮಾನರು ಮಿಲಿಟರಿಯಲ್ಲಿ ಲಾರಿ ಡ್ರೈವರು. ಮದುವೆಯಾಗಿ ಎರಡನೆಯ ದೀಪಾವಳಿ ಕಳೆದಿತ್ತಷ್ಟೆ, ಅವರನ್ನು ಬರ್ಮಾ ಗಡಿಯ ಕಡೆಗೆ ಕಳಿಸಿದರು. ಹೊರಡುವ ಹಿಂದಿನ ದಿನ ನಮ್ಮತ್ತೆ ಬಳೆಗಾರನನ್ನು ಮನೆಗೇ ಕರೆಸಿ ನನ್ನ ಎರಡೂ ಕೈಗೆ ಹಸಿರು ಗಾಜಿನ ಬಳೆ ತುಂಬಿಸಿದರು. ಆಮೇಲೆ ನನ್ನನ್ನು ದೇವರ ಮುಂದೆ ಕೂರಿಸಿ, ಬಳೆಗಳಿಗೆ ಅರಿಸಿನ ಕುಂಕುಮ ಹಚ್ಚಿ, ಮಗ ಕ್ಷೇಮವಾಗಿ ಹಿಂತಿರುಗುವವರೆಗೆ ಇವೇ ಬಳೆಗಳು ಇದೇ ಕೈಯಲ್ಲಿರುತ್ತವೆ, ಒಂದನ್ನೂ ತೆಗೆಸುವುದಿಲ್ಲ ಎಂದು ಹರಕೆ ಹೊತ್ತರು. ಹೊತ್ತವರು ಅವರು, ಕೈ ನನ್ನದು.

ನಮ್ಮಲ್ಲಿ ಬಳೆ ತೊಡಿಸುವುದೆಂದರೆ ಸಡಿಲವಾಗಿ ಏರಿಸಿಬಿಡುವುದಲ್ಲ. ಕೈಯನ್ನು ಹಿಂಡಿ, ಹೆಬ್ಬೆರಳಿನ ಬುಡವನ್ನು ಒಳಕ್ಕೆ ಒತ್ತಿ, ಆದಷ್ಟು ಸಣ್ಣ ಅಳತೆಯ ಬಳೆಯನ್ನು ದಾಟಿಸಬೇಕು. ಬಳೆಗಾರನ ಕೈಚಳಕವೂ ಅದೇ, ಹೆಣ್ಣಿನ ಕೈ ಎಷ್ಟು ನಯ ಎನ್ನುವುದಕ್ಕೆ ಸಾಕ್ಷಿಯೂ ಅದೇ. ಸಡಿಲ ಬಳೆ ಹಾಕಿಕೊಂಡವಳನ್ನು ಕಂಡರೆ ಹೆಂಗಸರು ಸೆರಗು ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ಆ ದಿನ ಬಳೆಗಾರ ನನ್ನ ಕೈ ಹಿಂಡುತ್ತಾ, "ಬೆಣ್ಣೆ ಕೈ ಕಣಮ್ಮ ನಿಮ್ ಸೊಸೇದು" ಎಂದ. ನಮ್ಮತ್ತೆ ಹಿಗ್ಗಿಹೋದರು. ನನಗೂ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಯಜಮಾನರು ಹೋದ ಮೇಲೆ ನಾನು ಮನೆಯಲ್ಲೇ ಕಾಜಾ ಹೊಲಿಯುವ ಕೆಲಸ ಹಿಡಿದೆ. ಷರ್ಟಿನ ಗುಂಡಿ ತೂರಿಸುವ ಸೀಳಿನ ಅಂಚಿಗೆ ದಾರವನ್ನು ಒತ್ತೊತ್ತಾಗಿ ಗಂಟುಹಾಕಿ ಹೊಲಿಯುವುದಕ್ಕೆ ಕಾಜಾ ಎನ್ನುತ್ತಾರೆ. ಈಗ ಶಿವಾಜಿನಗರ ಎನ್ನುವ ಜಾಗ ಆಗ ನಮಗೆಲ್ಲ ಬ್ಲ್ಯಾಕ್‌ಪಲ್ಲಿ. ಅಲ್ಲಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ವಯಸ್ಸಾದ ಸಾಹೇಬರು ಮಿಲಿಟರಿ ಷರ್ಟು ಹೊಲಿಸಿಕೊಡುತ್ತಿದ್ದರು. ನಾನು ವಾರಕ್ಕೊಮ್ಮೆ ಗಂಟು ಹೊತ್ತುಕೊಂಡು ಹೋಗಿ ಕೊಟ್ಟು ಬರುತ್ತಿದ್ದೆ. ಅವರು ಕನ್ನಡಕವನ್ನು ಹಣೆಗೆ ಏರಿಸಿ, ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು ಒಂದೊಂದನ್ನೂ ನೋಡುತ್ತಿದ್ದರು.

ಒಂದು ಸಲ, "ಬೇಟಿ, ನಿನ್ ಕಾಜಾ ಮಿಷನ್‌ಗಿಂತ ಸಾಫ್ ಐತೆ" ಎಂದರು. "ಲಡಾಯಿ ಮುಗೀಲಿ. ಅಂಗಡಿ ಹಿಂದೆ ಹೆಂಗಸ್ರಿಗೇ ಅಂತ ಒಂದು ರೂಮು ಮಾಡ್ತೀನಿ. ಅಲ್ಲಿಗೆ ನೀನೇ ಮೇಸ್ತ್ರಿ, ಬಾಕಿಯವ್ರಿಗೆ ನೀನೇ ಕಲಿಸ್ಬೇಕು."

ಅಲ್ಲಿಯವರೆಗೆ ನನ್ನನ್ನು ಜನ ಯಾರದೋ ಮಗಳು, ಯಾರದೋ ಸೊಸೆ ಎಂದು ಕರೆದಿದ್ದರು. ಮೇಸ್ತ್ರಿ ಎಂದವರು ಅವರೊಬ್ಬರೇ. ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಸುರೆ ತೊಳೆಯುತ್ತಿದ್ದೆ, ರಾಗಿ ಬೀಸುತ್ತಿದ್ದೆ. ರೂಮಿನಲ್ಲಿ ಯಾರು ಎಲ್ಲಿ ಕೂರಬೇಕು, ಬೆಳಕು ಯಾವ ಕಡೆಯಿಂದ ಬರಬೇಕು ಎಂದೆಲ್ಲ ಯೋಚಿಸಿ ಇಟ್ಟಿದ್ದೆ.

ಮೊದಲು ಬೆರಳು ಕೈಕೊಟ್ಟದ್ದು ಬೆಳಗಿನ ಹೊತ್ತು. ಎದ್ದರೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಬೆರಳುಗಳೆಲ್ಲ ಬಿಗಿದುಕೊಂಡು, ಚೊಂಬು ಹಿಡಿದರೆ ಜಾರಿ ಬೀಳುತ್ತಿತ್ತು. ಬಿಸಿನೀರಿನಲ್ಲಿ ಅದ್ದಿ ಕೂತರೆ ಬಿಸಿಲೇರುವ ಹೊತ್ತಿಗೆ ಸಡಿಲವಾಗುತ್ತಿತ್ತು. ಹೇಗೋ ಕೆಲಸ ಸಾಗಿಸುತ್ತಿದ್ದೆ. ಬರಬರುತ್ತಾ ಎರಡೂ ಕೈಯ ಬೆರಳ ಗೆಣ್ಣುಗಳು ಊದಿದವು, ಮಣಿಕಟ್ಟು ಕೆಂಪಗಾಗಿ ಮುಟ್ಟಿದರೆ ಸುಡುತ್ತಿತ್ತು. ಸಂಜೆಗೆ ಮೈ ಬೆಚ್ಚಗಾಗಿ, ಎಲ್ಲಾದರೂ ಬಿದ್ದುಕೊಂಡರೆ ಸಾಕು ಎನ್ನುವಷ್ಟು ಆಯಾಸ.

ಗಲ್ಲಿಯವರೆಲ್ಲ ವೈದ್ಯರೇ. ವಾಯು ಎಂದರು, ಆಲೂಗೆಡ್ಡೆ ಬಿಡು ಎಂದರು, ಕಡಲೆಬೇಳೆ ಮುಟ್ಟಬೇಡ ಎಂದರು. ನಮ್ಮತ್ತೆ ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಿಸಿಮಾಡಿ ಕಟ್ಟಿದರು, ಮರಳು ಹುರಿದು ಗಂಟುಕಟ್ಟಿ ಶಾಖ ಕೊಟ್ಟರು. ಅಕ್ಕರೆಯಿಂದಲೇ ಮಾಡಿದರು, ಇಲ್ಲವೆಂದರೆ ನನ್ನ ನಾಲಿಗೆ ಬಿದ್ದುಹೋದೀತು. ಎದುರು ಮನೆಯವಳು ಮಾತ್ರ, "ಏನೇ, ಅತ್ತೆಗೆ ಬರೋ ಕಾಯಿಲೆ ಸೊಸೆಗೆ ಬಂದೈತೆ? ಗಂಡ ಬರೋಷ್ಟ್ರಲ್ಲಿ ಮುದುಕಿ ಆಗ್ಬಿಡ್ತೀಯಾ" ಎಂದು ಚುಡಾಯಿಸಿದಳು. ನಾನೂ ನಕ್ಕೆ. ಆಗಿನ್ನೂ ನಗು ಬರುತ್ತಿತ್ತು.

ಸಾಹೇಬರೇ ಕೊನೆಗೆ ಒತ್ತಾಯ ಮಾಡಿದ್ದು. ನಾನು ಸೂಜಿ ಹಿಡಿಯುವಾಗ ಮುಖ ಕಿವುಚುವುದನ್ನು ನೋಡಿ, "ಎಲೆ ಕಟ್ಟಿದ್ದು ಸಾಕು, ದವಾಖಾನೆಗೆ ಹೋಗು" ಎಂದರು. ಒಂದು ಬೆಳಗ್ಗೆ ನಮ್ಮತ್ತೆಯೂ ನಾನೂ ಜಟಕಾದಲ್ಲಿ ದಂಡಿನ, ಎಂದರೆ ಕಂಟೋನ್ಮೆಂಟಿನ, ಆಸ್ಪತ್ರೆಯೊಂದಕ್ಕೆ ಹೋದೆವು. ಅಲ್ಲಿ ನಡುವಯಸ್ಸಿನ ಒಬ್ಬ ಲೇಡಿ ಡಾಕ್ಟರು ನನ್ನ ಎರಡೂ ಕೈಗಳನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಒಂದೊಂದು ಗೆಣ್ಣನ್ನೂ ಮೆಲ್ಲಗೆ ಒತ್ತಿ ನೋಡಿದರು.

"ಇದು ಸಂಧಿವಾತ. ವಯಸ್ಸಾದೋರ ಮಂಡಿನೋವಲ್ಲ, ಬೇರೇದು. ನಿನ್ ಥರ ಚಿಕ್ಕ ವಯಸ್ಸಿನ ಹೆಂಗಸ್ರಿಗೇ ಜಾಸ್ತಿ ಬರುತ್ತೆ" ಎಂದರು. "ವಾಸಿ ಮಾಡ್ತೀನಿ ಅಂತ ಹೇಳಲ್ಲಮ್ಮ. ಹಾಗೆ ಹೇಳೋರ ಹತ್ರ ಹೋಗ್ಬೇಡ. ಆದ್ರೆ ಇದಿನ್ನೂ ಶುರು. ಈಗ ಹುಷಾರಾಗಿದ್ರೆ ಬೆರಳು ಸೊಟ್ಟಗಾಗೋದನ್ನ ತಡೀಬೋದು."

ಔಷಧ ಕೊಟ್ಟರು. ಮನೆಯಿಂದ ಒಯ್ದ ಸೀಸೆಗೆ ಕಂಪೌಂಡರು ತುಂಬಿಕೊಟ್ಟದ್ದು. ಕುಡಿದರೆ ನೋವು ಇಳಿಯುತ್ತಿತ್ತು, ಕಿವಿಯಲ್ಲಿ ಮಾತ್ರ ಗುಂಯ್ ಎನ್ನುತ್ತಿತ್ತು. ಬಂಗಾರದ ಇಂಜೆಕ್ಷನ್ ಎಂದೊಂದಿದೆ, ಯುದ್ಧ ಮುಗಿಯುವವರೆಗೆ ಸಿಗುವುದು ಕಷ್ಟ ಎಂದರು ಡಾಕ್ಟರು. ನಮ್ಮತ್ತೆ ನನ್ನ ಕಿವಿಯಲ್ಲಿ, "ಕೈಗೆ ಬಂಗಾರದ ಬಳೆ ಮಾಡ್ಸೋಕೆ ಗತಿಯಿಲ್ಲ, ಒಳಗೆ ಬಂಗಾರ ಹಾಕ್ತಾರಂತೆ" ಎಂದರು. ಹಲ್ಲಿನ ಬುಡದಲ್ಲಿ ವಿಷವಿದ್ದರೆ ಕೀಲಿಗೆ ಇಳಿಯುತ್ತದೆ ಎಂಬ ನಂಬಿಕೆ ಆಗಿನ ಡಾಕ್ಟರುಗಳಲ್ಲಿತ್ತು. ಹಾಗಾಗಿ ನನ್ನ ಎರಡು ದವಡೆ ಹಲ್ಲನ್ನೂ ಕಿತ್ತರು. ಚೆನ್ನಾಗಿದ್ದ ಹಲ್ಲು. ಅದಕ್ಕೆ ನಮ್ಮತ್ತೆ ತಕರಾರು ಮಾಡಲಿಲ್ಲ. ಹಲ್ಲಿನ ಮೇಲೆ ಯಾರೂ ಹರಕೆ ಹೊತ್ತಿರಲಿಲ್ಲವಲ್ಲ.

ಮುಂದಿನ ಸಲ ಹೋದಾಗ ಡಾಕ್ಟರು ನಿಜವಾದ ಚಿಕಿತ್ಸೆಯ ಮಾತೆತ್ತಿದರು. ಪ್ಲಾಸ್ಟರ್ ಎನ್ನುವ ಬಿಳಿ ಹಿಟ್ಟಿನ ಪಟ್ಟಿಯನ್ನು ಕೈಯ ಅಳತೆಗೇ ಒಣಗಿಸಿ, ಮೊಣಕೈ ಕೆಳಗಿನಿಂದ ಬೆರಳಿನ ತನಕ ಎರಡೂ ಕೈಗೆ ಕಟ್ಟುತ್ತಾರೆ. ದಿನಕ್ಕೊಮ್ಮೆ ಬಿಚ್ಚಿ ಬಿಸಿನೀರಿನಲ್ಲಿ ಕೈ ಆಡಿಸಿ, ಮತ್ತೆ ಕಟ್ಟಿಕೊಳ್ಳಬೇಕು. ಊತ ಇಳಿಯುವ ತನಕ ಯಾವ ಕೆಲಸವನ್ನೂ ಮಾಡಬಾರದು. "ಕೈಗೆ ರೆಸ್ಟು ಕೊಟ್ರೆ ಮಾತ್ರ ನೆಟ್ಟಗೆ ನಿಲ್ಲುತ್ತೆ" ಎಂದು ಹೇಳಿ, ನರ್ಸಿನ ಕಡೆ ತಿರುಗಿ, "ಬಳೆ ತೆಗೀರಿ" ಎಂದರು.

ನರ್ಸು ಸೋಪಿನ ನೀರು ಹಚ್ಚಿ ಎಳೆದು ನೋಡಿದಳು. ಬಳೆ ಊದಿದ ಗೆಣ್ಣಿನ ಹತ್ತಿರ ಬಂದು ನಿಂತಿತು. ಎಣ್ಣೆ ಹಚ್ಚಿದಳು, ಆಗಲೂ ಅಷ್ಟೇ. ನನಗೆ ಪ್ರಾಣ ಹೋದಂತಾಗುತ್ತಿತ್ತು. ಕೊನೆಗೆ ಅವಳು ಬಟ್ಟೆ ಸುತ್ತಿ, ಇಕ್ಕಳ ಕೈಗೆತ್ತಿಕೊಂಡಳು. ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ ನಮ್ಮತ್ತೆ ಮುಂದೆ ಬಂದು ನನ್ನ ಮಣಿಕಟ್ಟನ್ನು ತಮ್ಮ ಎರಡೂ ಕೈಯಿಂದ ಮುಚ್ಚಿಬಿಟ್ಟರು.

"ಒಡೀಬೇಡಿ ತಾಯಿ. ನನ್ ಮಗ ಯುದ್ಧದಲ್ಲಿದಾನೆ."

ಡಾಕ್ಟರು ಎದ್ದು ಬಂದು ತಾಳ್ಮೆಯಿಂದಲೇ ಹೇಳಿದರು. "ಬಳೆ ಮತ್ತೆ ತೊಡಿಸ್ಬೋದು ಕಣ್ರಮ್ಮ. ಬೆರಳು ಒಂದ್ಸಲ ಸೊಟ್ಟಗಾದ್ರೆ ನೆಟ್ಟಗೆ ಮಾಡೋಕೆ ನನ್ನಿಂದಾಗಲ್ಲ."

"ಬೆರಳು ಸೊಟ್ಟಗಾದ್ರೂ ಸಂಸಾರ ಮಾಡ್ಬೋದು" ಎಂದರು ನಮ್ಮತ್ತೆ. "ಅವ್ನಿಗೇನಾದ್ರೂ ಆದ್ರೆ ಏನ್ ಮಾಡ್ಲಿ? ಯಾವ್ ಪಟ್ಟಿ ಕಟ್ತೀರಿ ಅದಕ್ಕೆ?"

ಡಾಕ್ಟರು ನನ್ನನ್ನು ನೋಡಿದರು. ನಾನು ಏನು ಹೇಳಬೇಕಿತ್ತು? ಒಡೆಯಿರಿ ಎಂದು ಹೇಳಿ, ನಾಳೆ ಬಾಗಿಲಿಗೆ ಸಾವಿನ ತಂತಿ ಬಂದರೆ, ಇಡೀ ಹಲಸೂರು ನನ್ನನ್ನು ಗಂಡನನ್ನು ತಿಂದವಳು ಎನ್ನುತ್ತಿತ್ತು. ನಮ್ಮ ಗಲ್ಲಿಯಲ್ಲೇ ಒಂದು ಮನೆಗೆ ತಂತಿ ಬಂದಾಗಿತ್ತು. ತಂತಿ ತರುವ ಖಾಕಿಯವನ ಸೈಕಲ್ಲಿನ ಗಂಟೆ ಕೇಳಿದರೆ ಹೆಂಗಸರು ಒಲೆ ಬಿಟ್ಟು ಓಡಿಬರುತ್ತಿದ್ದ ಕಾಲ ಅದು. ಔಷಧದ ಸೀಸೆ ಹಿಡಿದುಕೊಂಡು ಮನೆಗೆ ಬಂದೆವು.

ನಮ್ಮತ್ತೆ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರ ಗಂಡ ಪ್ಲೇಗಿನಲ್ಲಿ ಹೋದಾಗ ಅವರಿಗೆ ನನ್ನದೇ ವಯಸ್ಸು. ಕೆರೆಯ ಹತ್ತಿರ ಕರೆದುಕೊಂಡು ಹೋಗಿ, ಕೈಯನ್ನು ಕಲ್ಲಿನ ಮೇಲಿಟ್ಟು ಬಳೆ ಒಡೆದಿದ್ದರಂತೆ. ಗಾಜಿನ ಚೂರು ನೆಟ್ಟ ಗಾಯದ ಗುರುತು ಮಣಿಕಟ್ಟಿನಲ್ಲಿ ಹಾಗೇ ಇತ್ತು. ಬಳೆ ತಾನಾಗಿ ಒಡೆದರೂ ಒಡೆಯಿತು ಎಂಬ ಅಶುಭದ ಮಾತಾಡುವವರಲ್ಲ, ಹೆಚ್ಚಿತು ಎನ್ನುತ್ತಿದ್ದರು. ಅವರ ಹೆದರಿಕೆ ನಿಜವಾದ ಹೆದರಿಕೆ. ನನಗೆ ಅರ್ಥವಾಗುತ್ತಿತ್ತು. ಅರ್ಥವಾದರೆ ಸಿಟ್ಟು ಹೋಗುತ್ತದೆ ಎಂದು ಯಾರು ಹೇಳಿದರು?

ಆದರೂ ನಾನು ಸುಮ್ಮನಿರಲಿಲ್ಲ. ದಿನಾ ಒಲೆಯ ಮುಂದೆ ಅದೇ ಜಗಳ. "ಅತ್ತೆ, ನನಗೆ ಕೈ ಬೇಕು. ಹೊಲಿಯೋಕಾದ್ರೂ ಬೇಕು" ಎನ್ನುತ್ತಿದ್ದೆ. "ಹೊಲಿಗೆ ಹೊಲಿಗೆ ಅಂತ ಸಾಯ್ತೀಯಲ್ಲೇ, ಗಂಡ ಬಂದ್ಮೇಲೆ ಯಾರು ನಿನ್ನ ಹೊಲಿಯೋಕೆ ಕಳಿಸ್ತಾರೆ" ಎನ್ನುತ್ತಿದ್ದರು. ನಾನು ಕಣ್ಣೀರು ಹಾಕಿದೆ, ಊಟ ಬಿಟ್ಟೆ. ಕೊನೆಗೆ ಅವರೂ ಕರಗಿದರು. ದೇವಸ್ಥಾನಕ್ಕೆ ಹೋಗಿ ಬಹಳ ಹೊತ್ತು ಕೂತು ಬಂದು, ತಾವೇ ಒಂದು ತೀರ್ಮಾನ ಹೇಳಿದರು.

"ಎಡಗೈದು ತೆಗೆಸ್ಕೋ. ತಪ್ಪುಕಾಣಿಕೆ ಕಟ್ಟಿದೀನಿ. ಬಲಗೈದು ಮಾತ್ರ ಮುಟ್ಟಿಸ್ಬೇಡ. ಕುಂಕುಮ ಇಡೋ ಕೈ ಅದು, ಅನ್ನ ಇಕ್ಕೋ ಕೈ. ಅದರಲ್ಲಿ ಬಳೆ ಇದ್ರೆ ಸಾಕು, ದೇವ್ರು ಒಪ್ಕೋತಾನೆ."

ದೇವರಿಗೂ ಡಾಕ್ಟರಿಗೂ ನಡುವೆ ನಮ್ಮತ್ತೆ ನನ್ನ ಮೈಯನ್ನು ಹೀಗೆ ಪಾಲು ಮಾಡಿದರು. ನಾನು ಕೆಲಸ ಮಾಡುತ್ತಿದ್ದದ್ದು ಬಲಗೈಯಲ್ಲಿ, ಸೂಜಿ ಹಿಡಿಯುತ್ತಿದ್ದದ್ದು ಬಲಗೈಯಲ್ಲಿ. ಅದನ್ನು ಎಷ್ಟು ಸಲ ಹೇಳಿದರೂ ಅವರಿಗೆ ಒಂದೇ ಉತ್ತರ, ಅದಕ್ಕೇ ಅದು ಒಳ್ಳೆಯ ಕೈ ಎಂದು.

ಡಾಕ್ಟರು ಎಡಗೈಗೆ ಕಟ್ಟು ಹಾಕಿದರು. ಬಲಗೈಯನ್ನು ಎತ್ತಿ ನೋಡಿದರು. "ಈ ಕೈಲೂ ಕೆಲಸ ಮಾಡ್ಬೇಡ. ತೊಟ್ಟಿಲಲ್ಲಿರೋ ಮಗು ಥರ ನೋಡ್ಕೋ" ಎಂದಷ್ಟೇ ಹೇಳಿದರು.

ಹೇಳುವುದು ಸುಲಭ. ಎಡಗೈ ಹಿಟ್ಟಿನ ಕಟ್ಟಿನಲ್ಲಿ ಆರಾಮವಾಗಿ ಮಲಗಿತು, ಅದರ ಪಾಲಿನ ಕೆಲಸವೂ ಬಲಗೈಗೆ ಬಿತ್ತು. ನೀರು ಸೇದಬೇಕು, ಬಟ್ಟೆ ಹಿಂಡಬೇಕು, ಮುದ್ದೆ ತಿರುವಬೇಕು. ನಮ್ಮತ್ತೆ ನನ್ನ ತಲೆ ಬಾಚುತ್ತಿದ್ದರು, ಬೀಸುವ ಕಲ್ಲನ್ನು ತಾವೇ ತಿರುಗಿಸುತ್ತಿದ್ದರು, ಆದರೆ ಅವರಿಗೂ ವಯಸ್ಸಾಗಿತ್ತು. ಮಿಕ್ಕದ್ದೆಲ್ಲ ಬಲಗೈ ಒಂದೇ ಮಾಡಿತು, ಬಳೆ ತೊಟ್ಟುಕೊಂಡು. ಊದಿದ ಮಣಿಕಟ್ಟಿಗೆ ಬಳೆ ಒತ್ತಿ ಗೆರೆ ಬೀಳುತ್ತಿತ್ತು. ನೋವಿನಲ್ಲಿ ಕಣ್ಣೀರು ಬಂದರೆ ನಮ್ಮತ್ತೆ ಆ ಕೈಯನ್ನು ಹಿಡಿದು, ಕಣ್ಣಿಗೆ ಒತ್ತಿಕೊಂಡು, "ಇನ್ನೊಂದಿಷ್ಟು ದಿನ ತಡ್ಕೋ ನನ್ನವ್ವ" ಎನ್ನುತ್ತಿದ್ದರು.

ಎಡಗೈಯ ಊತ ಇಳಿಯಿತು. ಕಟ್ಟು ಬಿಚ್ಚಿದಾಗ ಬೆರಳುಗಳು ಸಣ್ಣಗಾಗಿದ್ದವು, ಆದರೆ ನೆಟ್ಟಗಿದ್ದವು. ಅಷ್ಟರಲ್ಲಿ ಬಲಗೈಯ ಬೆರಳುಗಳು ಕಿರುಬೆರಳಿನ ಕಡೆಗೆ ವಾಲತೊಡಗಿದ್ದವು. ಉಂಗುರದ ಬೆರಳು ಮಡಚಿಕೊಂಡದ್ದು ಬಿಚ್ಚಲೇ ಇಲ್ಲ. ಎರಡೂ ಕೈಗೆ ಕಟ್ಟಿದ್ದರೂ ಹೀಗೇ ಆಗುತ್ತಿತ್ತೇನೋ ಎಂದು ಆಮೇಲೆ ಒಬ್ಬರು ಡಾಕ್ಟರು ಸಮಾಧಾನ ಹೇಳಿದರು. ಆ ಸಮಾಧಾನ ನನಗೆ ಬೇಡ. ನನ್ನ ಎರಡು ಕೈಯೂ ನನ್ನ ಕಣ್ಣ ಮುಂದೆಯೇ ಇವೆ.

ಎಡಗೈಯ ಕಟ್ಟು ಬಿಚ್ಚಿದ ಮೇಲೆ ಮತ್ತೆ ಹೊಲಿಯಲು ಕೂತೆ. ಸಾಹೇಬರು ನನ್ನ ಕಾಜಾಗಳನ್ನು ಕೆಲವು ವಾರ ಸುಮ್ಮನೆ ತೆಗೆದುಕೊಂಡರು. ಮನೆಯಲ್ಲಿ ಯಾರಿಂದಲೋ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದರೆಂದು ಆಮೇಲೆ ಗೊತ್ತಾಯಿತು. ಒಂದು ದಿನ ನಾನು ಗಂಟು ಬಿಚ್ಚಿದಾಗ ಕನ್ನಡಕವನ್ನು ಹಣೆಗೆ ಏರಿಸಲೇ ಇಲ್ಲ. "ಬೇಟಿ, ಸ್ವಲ್ಪ ದಿನ ಆರಾಮ್ ಮಾಡು" ಎಂದರು. ಹೊಸ ಬಟ್ಟೆಯ ಗಂಟು ಕೊಡಲಿಲ್ಲ. ರೂಮಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬ್ಲ್ಯಾಕ್‌ಪಲ್ಲಿಯಿಂದ ಹಲಸೂರಿನವರೆಗೆ ದಾರಿಯುದ್ದಕ್ಕೂ ಅತ್ತುಕೊಂಡು ಬಂದೆ.

ಯುದ್ಧ ಮುಗಿಯಿತು. ಯಜಮಾನರು ಬಂದರು, ಕೈಕಾಲು ನೆಟ್ಟಗಿಟ್ಟುಕೊಂಡು. ಮೈ ಕಪ್ಪಾಗಿತ್ತು, ಸ್ವಲ್ಪ ಸೊರಗಿದ್ದರು, ಅಷ್ಟೇ. ಬಂದವರನ್ನು ನೋಡಿ ನನಗೂ ಎದೆ ತುಂಬಿ ಬಂತು. ಅವರು ಬದುಕಿ ಬಂದದ್ದಕ್ಕೆ ನನಗೆ ಸಂಕಟವಾಯಿತೆಂದು ಯಾರೂ ತಿಳಿಯಬಾರದು. ಹೊಸ್ತಿಲಲ್ಲೇ ನಮ್ಮತ್ತೆ ನನ್ನ ಬಲಗೈಯನ್ನು ಎತ್ತಿ ಮಗನ ಮುಖದ ಮುಂದೆ ಹಿಡಿದು, "ನೋಡೋ, ನಿನ್ನ ಉಳಿಸಿದ್ದು ಈ ಕೈ" ಎಂದರು. ಯಜಮಾನರು ಬಳೆಗಳನ್ನು ನೋಡಿದರು. ಬೆರಳುಗಳನ್ನು ನೋಡಿದ್ದು ಆಮೇಲೆ. "ಇದೇನೇ ಹೀಗಾಗಿದೆ" ಎಂದು ಕೇಳಿದ್ದಕ್ಕೆ ನಮ್ಮತ್ತೆಯೇ, "ವಾಯು ಕಣೋ" ಎಂದು ಉತ್ತರ ಕೊಟ್ಟರು.

ಹರಕೆ ತೀರಿತಲ್ಲ, ಬಳೆಗಾರನನ್ನು ಕರೆಸಿದರು. ಅವನು ನನ್ನ ಕೈ ನೋಡಿ ಬೆಣ್ಣೆಯ ಮಾತೆತ್ತಲಿಲ್ಲ. ಬಟ್ಟೆ ಸುತ್ತಿ, ಇಕ್ಕಳದಿಂದ ಒಂದೊಂದನ್ನೇ ಚಿಟಿಕ್ ಎನಿಸಿದ. ಈರುಳ್ಳಿ ಸುಲಿಯುವಷ್ಟೂ ಹೊತ್ತು ಹಿಡಿಯಲಿಲ್ಲ. ನಮ್ಮತ್ತೆ ಪಕ್ಕದಲ್ಲೇ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಆಸ್ಪತ್ರೆಗೂ ಹೋದೆ, ಒಬ್ಬಳೇ. ಡಾಕ್ಟರು ನನ್ನನ್ನು ಗುರುತು ಹಿಡಿದರು. ಬೆರಳನ್ನು ಬಿಚ್ಚಲು ನೋಡಿ, ಮೆಲ್ಲಗೆ ಕೆಳಗಿಟ್ಟು, "ತಡವಾಯ್ತಮ್ಮ" ಎಂದರು.

ಹರಕೆಯ ಊಟಕ್ಕೆ ಕೃಷ್ಣರಾಜಪುರದಿಂದ ನೆಂಟರೆಲ್ಲ ಬಂದರು. ನಡುಮನೆಯಲ್ಲಿ ಎಲೆ ಹಾಕಿತ್ತು. "ಗಂಡ ಸತ್ತೋಳು ನಾನು, ಶುಭದ ಊಟಕ್ಕೆ ಬಡಿಸೋ ಹಾಗಿಲ್ಲ. ನೀನೇ ಮೊದ್ಲು ಬಡಿಸ್ಬೇಕು. ಮುತ್ತೈದೆ ಕೈ ಅಂದ್ರೆ ಹೆಂಗಿರುತ್ತೆ ಅಂತ ಎಲ್ರೂ ನೋಡ್ಲಿ" ಎಂದರು ನಮ್ಮತ್ತೆ. ದೊಡ್ಡ ಅಳತೆಯ ಹೊಸ ಬಳೆ ತೊಟ್ಟ ಬಲಗೈಯಲ್ಲಿ ಸೌಟು ಹಿಡಿದೆ. ಸಾರಿನ ಭಾರಕ್ಕೆ ಸೌಟು ಹೊರಳಿ, ಬಿಸಿ ಸಾರು ನನ್ನ ಕಾಲಿನ ಮೇಲೆಯೇ ಚೆಲ್ಲಿತು. ಎರಡನೆಯ ಸಲವೂ ಹಾಗೇ ಆಯಿತು. ಜನ ಕಾಯುತ್ತಿದ್ದರು. ನಾನು ಸೌಟನ್ನು ಎಡಗೈಗೆ ಬದಲಾಯಿಸಿಕೊಂಡು ಬಗ್ಗಿದೆ. ಯಜಮಾನರು ಥಟ್ಟನೆ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರು.

"ಎಡಗೈಲಿ ಬಡಿಸ್ತೀಯಾ? ಜನ ಕೂತಿದಾರೆ, ಗೊತ್ತಾಗಲ್ವಾ?"

ನಾನು ನೆಟ್ಟಗೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದೆ. "ಈ ಕೈಗೆ ಆಸ್ಪತ್ರೆಯವ್ರು ಕಟ್ಟು ಹಾಕಿದ್ರು, ನೆಟ್ಟಗಿದೆ ರೀ. ಆ ಕೈನ ನಿಮಗೋಸ್ಕರ ಹಾಗೇ ಬಿಟ್ರು, ಅದರಲ್ಲಿ ಸೌಟು ನಿಲ್ಲಲ್ಲ. ಯಾವ ಕೈಲಿ ಬಡಿಸ್ಲಿ, ನೀವೇ ಹೇಳಿ."

ಅವರು ನನ್ನ ಭುಜದ ಆಚೆ ನೋಡಿ, "ಅಮ್ಮಾ, ನೀನೇ ಬಾ" ಎಂದು ಕರೆದರು. ಬಡಿಸುವ ಹಾಗಿಲ್ಲ ಎಂದಿದ್ದ ನಮ್ಮತ್ತೆ ಬಂದು ನನ್ನ ಕೈಯಿಂದ ಸೌಟು ತೆಗೆದುಕೊಂಡರು. ನೆಂಟರಲ್ಲಿ ಒಬ್ಬರೂ ಶುಭ ಅಶುಭದ ಮಾತೆತ್ತಲಿಲ್ಲ. ಯಜಮಾನರು ಎಲೆಯ ಮೇಲಿನ ಅಂಗೈ ತೆಗೆದರು. ಹಸಿದಿದ್ದರು, ಹೊಟ್ಟೆ ತುಂಬ ಉಂಡರು.